ವಿದ್ಯಾರ್ಥಿಯ ಖಾತೆ ಸೊನ್ನೆಗಿಂತ ಕೆಳಗೆ ಇಳಿಯದಿರಲಿ

(ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಪಿ.ಯು.ಸಿ. ಮತ್ತು ಪದವಿ ತರಗತಿಗಳ ಪ್ರವೇಶದ ಕಾಲವೂ ಭತ್ತದ ಒಟ್ಟಲು ಹಾಕುವ ಕಾಲವೂ ಹೆಚ್ಚುಕಡಿಮೆ ಒಂದೇ. ನಾಲೆಯ ನೀರನ್ನು ನಂಬಿ ಬಿತ್ತನೆ ಬೀಜಕ್ಕೆ, ಗೊಬ್ಬರಕ್ಕೆ, ಉಳುಮೆಯ ಬಾಡಿಗೆಗೆ ಕೈಯಲ್ಲಿದ್ದ ಹಣ ಖರ್ಚಾಗುವ ಹೊತ್ತಿಗೆ ಸರಿಯಾಗಿ ಮಕ್ಕಳ ಕಾಲೇಜಿನ ಶುಲ್ಕ, ಪುಸ್ತಕ, ವಸತಿಯ ಮುಂಗಡ ಎದುರಾಗುತ್ತವೆ. ವಿದ್ಯಾರ್ಥಿವೇತನ ಬರುವುದು ಅದಾದ ಎಷ್ಟೋ ತಿಂಗಳ ಮೇಲೆ. ಶುಲ್ಕ ಕಟ್ಟಬೇಕಾದ ದಿನಕ್ಕೂ ವಿದ್ಯಾರ್ಥಿವೇತನ ಜಮೆಯಾಗುವ ದಿನಕ್ಕೂ ನಡುವೆ ಇರುವ ಈ ಅಂತರದಲ್ಲಿಯೇ ಸಾಲವು ಮನೆಯೊಳಗೆ ಕಾಲಿಡುತ್ತದೆ.

ಗ್ರಾಮ ಪಂಚಾಯಿತಿಯ ಸಭೆಗಳಲ್ಲಿ ರೈತರ ಸಾಲ, ಸ್ವಸಹಾಯ ಸಂಘಗಳ ಸಾಲ ಚರ್ಚೆಗೆ ಬರುತ್ತವೆ. ಹದಿನೆಂಟು, ಇಪ್ಪತ್ತು ವರ್ಷದ ವಿದ್ಯಾರ್ಥಿಯ ಬ್ಯಾಂಕ್ ಖಾತೆಯ ವಿಷಯ ಬರುವುದು ಅಪರೂಪ. ಆ ಖಾತೆಯಲ್ಲಿ ದೊಡ್ಡ ಮೊತ್ತ ಇರುವುದಿಲ್ಲ ಎಂಬುದೇ ಇದಕ್ಕೆ ಕಾರಣ. ಆದರೆ ಸಣ್ಣ ಮೊತ್ತವೇ ಮುಖ್ಯವಾದ ಮನೆಗಳು ಎರಡೂ ತಾಲ್ಲೂಕುಗಳಲ್ಲಿ ಬಹಳ ಇವೆ. ಎರಡು ಸಾವಿರ ರೂಪಾಯಿ ಕೊರತೆಯಾದ ಕಾರಣಕ್ಕೆ ಪರೀಕ್ಷಾ ಶುಲ್ಕ ಕಟ್ಟಲಾಗದೆ ಒಂದು ವರ್ಷ ಕಳೆದುಕೊಳ್ಳುವ ವಿದ್ಯಾರ್ಥಿನಿಗೆ ಆ ಎರಡು ಸಾವಿರ ಸಣ್ಣದಲ್ಲ.

ಪಾಸ್‌ಪುಸ್ತಕದ ಎರಡು ಅಕ್ಷರ

ಬ್ಯಾಂಕಿನ ಪಾಸ್‌ಪುಸ್ತಕದಲ್ಲಿ ಶಿಲ್ಕು ಮೊತ್ತದ ಪಕ್ಕದಲ್ಲಿ 'ಸಿಆರ್' ಅಥವಾ 'ಡಿಆರ್' ಎಂಬ ಎರಡು ಅಕ್ಷರಗಳಿರುತ್ತವೆ. ಮೊದಲನೆಯದು ಇದ್ದರೆ ಆ ಹಣ ಖಾತೆದಾರರದು. ಬ್ಯಾಂಕು ಅವರಿಗೆ ಕೊಡಬೇಕಾದದ್ದು. ಎರಡನೆಯದು ಇದ್ದರೆ ಅಷ್ಟು ಹಣವನ್ನು ಖಾತೆದಾರರೇ ಬ್ಯಾಂಕಿಗೆ ಕೊಡಬೇಕು ಎಂದರ್ಥ. ಖಾತೆಯಲ್ಲಿರುವುದಕ್ಕಿಂತ ಹೆಚ್ಚು ಹಣವನ್ನು ತೆಗೆಯಲು ಬ್ಯಾಂಕು ಅವಕಾಶ ಕೊಡುವುದಕ್ಕೆ ಓವರ್‌ಡ್ರಾಫ್ಟ್ ಎನ್ನುತ್ತಾರೆ. ಹೆಸರು ಏನೇ ಇರಲಿ, ಅದು ಸಾಲ. ತೆಗೆದಷ್ಟು ಮೊತ್ತಕ್ಕೆ, ಇಟ್ಟುಕೊಂಡಷ್ಟು ದಿನಕ್ಕೆ ಬಡ್ಡಿ ಬೀಳುತ್ತದೆ.

ಸಾಮಾನ್ಯ ಸಾಲಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಸಾಮಾನ್ಯ ಸಾಲಕ್ಕೆ ಅರ್ಜಿ, ಸಹಿ, ಕಂತು, ಕೊನೆಯ ದಿನಾಂಕ ಇರುತ್ತವೆ. ಪಡೆದವರಿಗೆ ತಾವು ಸಾಲಗಾರರು ಎಂಬುದು ನೆನಪಿರುತ್ತದೆ. ಓವರ್‌ಡ್ರಾಫ್ಟಿನಲ್ಲಿ ಖಾತೆ ಅದೇ, ಕಾರ್ಡು ಅದೇ. ಹಣ ತೆಗೆಯುವ ಯಂತ್ರದ ಮುಂದೆ ನಿಂತವರಿಗೆ ಸ್ವಂತ ಹಣ ಎಲ್ಲಿ ಮುಗಿಯಿತು, ಸಾಲ ಎಲ್ಲಿ ಆರಂಭವಾಯಿತು ಎಂಬುದು ಕಾಣುವುದಿಲ್ಲ. ಮುಂದೆ ಖಾತೆಗೆ ಬಂದ ಹಣವು ಮೊದಲು ಆ ಹಳ್ಳವನ್ನು ತುಂಬುತ್ತದೆ. ಉಳಿದರೆ ಮಾತ್ರ ಖಾತೆದಾರರ ಕೈಗೆ ಸಿಗುತ್ತದೆ. ವಿದ್ಯಾರ್ಥಿವೇತನ ಜಮೆಯಾಗುವ ಖಾತೆಯಲ್ಲಿ ಹೀಗಾದರೆ ಸರ್ಕಾರ ಓದಿಗೆಂದು ಕೊಟ್ಟ ಹಣ ಹಳೆಯ ಬಾಕಿಗೆ ಹೋಗುತ್ತದೆ. ಈ ಉಪನ್ಯಾಸದ ತಿರುಳು ಇಷ್ಟೇ: ವಿದ್ಯಾರ್ಥಿಗೆ ತಿಳಿಯದಂತೆ ಆತನ ಅಥವಾ ಆಕೆಯ ಖಾತೆ ಸೊನ್ನೆಗಿಂತ ಕೆಳಗೆ ಇಳಿಯಬಾರದು, ಅದನ್ನು ತಡೆಯುವುದು ಗ್ರಾಮ ಪಂಚಾಯಿತಿಯ ಕೈಯಳತೆಯಲ್ಲಿರುವ ಕೆಲಸ.

ಹೊರದೇಶದ ಅನುಭವ

ಬ್ರಿಟನ್ನಿನಲ್ಲಿ ಕಾಲೇಜು ಸೇರುವ ವಿದ್ಯಾರ್ಥಿಗೆ ಬ್ಯಾಂಕುಗಳು ಬಡ್ಡಿಯಿಲ್ಲದ ಓವರ್‌ಡ್ರಾಫ್ಟ್ ಇರುವ ಖಾತೆಯನ್ನು ತೆರೆದುಕೊಡುವುದು ಬಹುಕಾಲದಿಂದ ನಡೆದುಬಂದ ರೂಢಿ. ಓದುವಷ್ಟು ಕಾಲ ಬಡ್ಡಿ ಇಲ್ಲ. ಓದು ಮುಗಿದ ಮೇಲೆ ಆ ರಿಯಾಯಿತಿ ಕ್ರಮೇಣ ಕೊನೆಗೊಳ್ಳುತ್ತದೆ. ಅಭ್ಯಾಸ ಬೆಳೆದಿರುತ್ತದೆ, ಬಾಕಿ ಉಳಿದಿರುತ್ತದೆ, ಕೆಲಸ ಮಾತ್ರ ಇನ್ನೂ ಸಿಕ್ಕಿರುವುದಿಲ್ಲ. 2007ರಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕು ಹೊಸ ಪದವೀಧರರ ಬಡ್ಡಿರಹಿತ ಸೌಲಭ್ಯವನ್ನು ಹಿಂತೆಗೆದುಕೊಳ್ಳಲು ಹೊರಟಾಗ ಅಲ್ಲಿನ ವಿದ್ಯಾರ್ಥಿ ಸಂಘಟನೆ ಪ್ರತಿಭಟಿಸಿತು. ಬ್ಯಾಂಕು ತನ್ನ ನಿರ್ಧಾರವನ್ನು ಕೈಬಿಟ್ಟಿತು. 2020ರ ಏಪ್ರಿಲ್‌ನಲ್ಲಿ ಅಲ್ಲಿ ಓವರ್‌ಡ್ರಾಫ್ಟ್ ನಿಯಮಗಳು ಬದಲಾದ ಮೇಲೆ ಸಾಮಾನ್ಯ ಖಾತೆಗಳಲ್ಲಿ ಹಲವು ಬ್ಯಾಂಕುಗಳ ಬಡ್ಡಿ ವಾರ್ಷಿಕ ಶೇ 40ರ ಆಸುಪಾಸಿಗೆ ಬಂದಿತು. ಬಡ್ಡಿಯಿಲ್ಲದ ಸಾಲವೂ ಸಾಲವೇ, ಅದರ ರಿಯಾಯಿತಿಗೆ ಒಂದು ಕೊನೆಯ ದಿನ ಇದ್ದೇ ಇರುತ್ತದೆ ಎಂಬುದು ಅಲ್ಲಿಂದ ಕಲಿಯಬಹುದಾದ ಪಾಠ.

ಭಾರತದಲ್ಲಿ ವಿದ್ಯಾರ್ಥಿಗೆಂದೇ ಇಂತಹ ಖಾತೆ ಕೊಡುವ ರೂಢಿ ಇಲ್ಲ. ಅಷ್ಟರಿಂದ ಅಪಾಯವಿಲ್ಲ ಎಂದು ತಿಳಿಯಬಾರದು. ಇಲ್ಲಿ ಅದು ಬೇರೆ ಬಾಗಿಲುಗಳಿಂದ ಬರುತ್ತದೆ.

ಹದಿನೆಂಟರ ಮೊದಲು, ಹದಿನೆಂಟರ ನಂತರ

ಭಾರತೀಯ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್ 21ರಂದು ಅಪ್ರಾಪ್ತ ವಯಸ್ಕರ ಖಾತೆಗಳ ಬಗ್ಗೆ ಪರಿಷ್ಕೃತ ಸೂಚನೆ ಹೊರಡಿಸಿದೆ. ಹತ್ತು ವರ್ಷ ತುಂಬಿದ ಮಕ್ಕಳು, ಬ್ಯಾಂಕು ಗೊತ್ತುಪಡಿಸುವ ಮಿತಿಯೊಳಗೆ, ಸ್ವತಂತ್ರವಾಗಿ ಉಳಿತಾಯ ಖಾತೆ ನಡೆಸಬಹುದು. ಆದರೆ ಅಪ್ರಾಪ್ತರ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ಹಣ ತೆಗೆಯಲು ಬಿಡುವಂತಿಲ್ಲ. ಖಾತೆ ಸದಾ ಜಮೆಯಲ್ಲಿಯೇ ಇರಬೇಕು. ಖಾತೆಯನ್ನು ಪೋಷಕರು ನಡೆಸಿದರೂ, ಮಗುವೇ ನಡೆಸಿದರೂ ಈ ನಿಯಮ ಒಂದೇ. ಆದ್ದರಿಂದ ಪ್ರೌಢಶಾಲೆಯ ಅಥವಾ ಪಿ.ಯು.ಸಿ.ಯ ಅಪ್ರಾಪ್ತ ವಿದ್ಯಾರ್ಥಿಯ ಪಾಸ್‌ಪುಸ್ತಕದಲ್ಲಿ 'ಡಿಆರ್' ಕಂಡರೆ ಶಾಖೆಯಲ್ಲಿ ಅದೇ ದಿನ ಪ್ರಶ್ನಿಸಬೇಕು.

ಹದಿನೆಂಟು ತುಂಬಿದ ದಿನದಿಂದ ಪರಿಸ್ಥಿತಿ ಬದಲಾಗುತ್ತದೆ. ಬ್ಯಾಂಕು ಹೊಸ ಸಹಿಯನ್ನೂ ಖಾತೆ ನಡೆಸುವ ಬಗ್ಗೆ ಹೊಸ ಸೂಚನೆಯನ್ನೂ ಪಡೆಯಬೇಕು. ವಿದ್ಯಾರ್ಥಿ ಇದನ್ನು ಪೂರೈಸದಿದ್ದರೆ ವಹಿವಾಟಿಗೆ ತಡೆ ಬೀಳಬಹುದು. ಪೂರೈಸಿದರೆ ಖಾತೆ ಸಾಮಾನ್ಯ ಉಳಿತಾಯ ಖಾತೆಯಾಗಿ, ಅದರ ಶುಲ್ಕಗಳೂ ಅನ್ವಯವಾಗಬಹುದು. ಸಾಲದ ಕರಾರಿಗೆ ಸಹಿ ಹಾಕುವ ಕಾನೂನುಬದ್ಧ ಅರ್ಹತೆ ಬರುವುದೂ ಅದೇ ದಿನ. 1872ರ ಭಾರತೀಯ ಕರಾರು ಅಧಿನಿಯಮದ ಪ್ರಕಾರ ಅಪ್ರಾಪ್ತರು ಮಾಡಿಕೊಂಡ ಸಾಲದ ಕರಾರು ಊರ್ಜಿತವಲ್ಲ. ಹದಿನೆಂಟು ದಾಟಿದವರಿಗೆ ಆ ರಕ್ಷಣೆ ಇಲ್ಲ. ಮೊಬೈಲಿನಲ್ಲಿ ಸಾಲದ ಆಹ್ವಾನಗಳು ಬರತೊಡಗುವುದೂ ಬಹುಮಟ್ಟಿಗೆ ಇದೇ ವಯಸ್ಸಿನಲ್ಲಿ.

ಖಾತೆ ಕೆಳಗಿಳಿಯುವ ದಾರಿಗಳು

ಮೊದಲನೆಯದು, ಕನಿಷ್ಠ ಶಿಲ್ಕಿನ ದಂಡ. ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ 2020ರಲ್ಲಿಯೂ ಕೆನರಾ ಬ್ಯಾಂಕ್ 2025ರ ಜೂನ್‌ನಲ್ಲಿಯೂ ಉಳಿತಾಯ ಖಾತೆಗಳಿಗೆ ಈ ದಂಡವನ್ನು ಕೈಬಿಟ್ಟಿವೆ. ಎಲ್ಲ ಬ್ಯಾಂಕುಗಳೂ ಕೈಬಿಟ್ಟಿಲ್ಲ. ದಂಡ ವಿಧಿಸುವ ಬ್ಯಾಂಕುಗಳಿಗೂ ರಿಸರ್ವ್ ಬ್ಯಾಂಕಿನ ನಿಯಮವಿದೆ: ಶಿಲ್ಕು ಕಡಿಮೆಯಾಗಿದೆ ಎಂದು ಮೊದಲು ತಿಳಿಸಬೇಕು, ಸರಿಪಡಿಸಿಕೊಳ್ಳಲು ಕನಿಷ್ಠ ಒಂದು ತಿಂಗಳ ಅವಕಾಶ ಕೊಡಬೇಕು, ಕೊರತೆಯ ಪ್ರಮಾಣಕ್ಕೆ ತಕ್ಕಂತೆ ಮಾತ್ರ ದಂಡ ಹಾಕಬೇಕು. ಈ ದಂಡವೊಂದರ ಕಾರಣದಿಂದಲೇ ಉಳಿತಾಯ ಖಾತೆ ಸೊನ್ನೆಗಿಂತ ಕೆಳಗೆ ಹೋಗಬಾರದು ಎಂಬ ನಿಯಮ 2015ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಮೂಲ ಉಳಿತಾಯ ಖಾತೆಯಾದರೆ ಕನಿಷ್ಠ ಶಿಲ್ಕಿನ ಪ್ರಶ್ನೆಯೇ ಬರುವುದಿಲ್ಲ. ಈಗಿರುವ ಸಾಮಾನ್ಯ ಖಾತೆಯನ್ನು ಲಿಖಿತ ಕೋರಿಕೆಯ ಮೇಲೆ ಮೂಲ ಉಳಿತಾಯ ಖಾತೆಯಾಗಿ ಬದಲಾಯಿಸಿಕೊಳ್ಳಬಹುದು. ಒಂದೇ ಬ್ಯಾಂಕಿನಲ್ಲಿ ಇದರ ಜೊತೆಗೆ ಬೇರೆ ಉಳಿತಾಯ ಖಾತೆ ಇರುವಂತಿಲ್ಲ ಎಂಬುದನ್ನು ಮಾತ್ರ ಗಮನಿಸಬೇಕು. ವಿದ್ಯಾರ್ಥಿವೇತನಕ್ಕಾಗಿ ಮತ್ತು ಸರ್ಕಾರಿ ನೆರವಿಗಾಗಿ ತೆರೆದ ಶೂನ್ಯ ಶಿಲ್ಕಿನ ಖಾತೆಗಳನ್ನು ಎರಡು ವರ್ಷ ವಹಿವಾಟು ನಡೆಯದಿದ್ದರೂ ನಿಷ್ಕ್ರಿಯ ಎಂದು ಪರಿಗಣಿಸಬಾರದೆಂಬ ಸೂಚನೆಯೂ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಎರಡನೆಯದು, ಬ್ಯಾಂಕುಗಳ ವಿಲೀನದ ನಂತರ ಮರೆತುಹೋದ ಖಾತೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಂದಿಗೆ, ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಂದಿಗೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ ಸೇರಿದವು. ಮೈಸೂರಿನಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಕಾವೇರಿ ಗ್ರಾಮೀಣ ಬ್ಯಾಂಕ್ 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಲೀನವಾಯಿತು. 2025ರ ಮೇ ತಿಂಗಳಲ್ಲಿ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾದವು. ಐದನೆಯ ತರಗತಿಯಲ್ಲಿದ್ದಾಗ ತೆರೆದ ಖಾತೆ ಎಲ್ಲಿದೆ, ಅದರ ಶಾಖಾ ಸಂಕೇತ ಏನಾಗಿದೆ, ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂಬುದು ಎಷ್ಟೋ ವಿದ್ಯಾರ್ಥಿಗಳಿಗೆ ಗೊತ್ತಿರುವುದಿಲ್ಲ. ಆಧಾರ್ ಮೂಲಕ ಬರುವ ವಿದ್ಯಾರ್ಥಿವೇತನ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಇತ್ತ ಹಣ ಬರಲಿಲ್ಲವೆಂದು ಮನೆಯವರು ಕೈಸಾಲ ಮಾಡಿರುತ್ತಾರೆ. ಅತ್ತ ಹಣ ಮತ್ತೊಂದು ಖಾತೆಯಲ್ಲಿ ಬಿದ್ದಿರುತ್ತದೆ.

ಮೂರನೆಯದು, ತಾನೇ ತಾನಾಗಿ ಕಡಿತವಾಗುವ ಕಂತು. ಮೊಬೈಲು ಅಥವಾ ದ್ವಿಚಕ್ರ ವಾಹನವನ್ನು ಕಂತಿನ ಮೇಲೆ ಕೊಳ್ಳುವಾಗ, ಪ್ರತಿ ತಿಂಗಳು ಖಾತೆಯಿಂದ ಹಣ ಕಡಿತ ಮಾಡಿಕೊಳ್ಳಲು ಒಪ್ಪಿಗೆ ಪಡೆಯುತ್ತಾರೆ. ಆ ದಿನ ಖಾತೆಯಲ್ಲಿ ಹಣ ಇಲ್ಲದಿದ್ದರೆ ಕಂತು ಹಿಂದಿರುಗುತ್ತದೆ. ಹಿಂದಿರುಗಿದ್ದಕ್ಕೆ ಬ್ಯಾಂಕಿನ ಶುಲ್ಕ, ಅದರ ಮೇಲೆ ಶೇ 18ರ ಜಿ.ಎಸ್.ಟಿ., ಸಾಲ ಕೊಟ್ಟ ಸಂಸ್ಥೆಯ ವಿಳಂಬ ಶುಲ್ಕ, ಎಲ್ಲವೂ ಸೇರುತ್ತವೆ.

ಇದನ್ನೊಂದು ಲೆಕ್ಕದಿಂದ ನೋಡಬಹುದು. ಬಿ.ಕಾಂ. ಓದುವ ರೈತ ಕುಟುಂಬದ ವಿದ್ಯಾರ್ಥಿನಿಯೊಬ್ಬಳಿಗೆ ರೈತ ವಿದ್ಯಾನಿಧಿಯಿಂದ ವರ್ಷಕ್ಕೆ 5,500 ರೂಪಾಯಿ ಬರುತ್ತದೆ ಎಂದುಕೊಳ್ಳೋಣ. ಆಕೆಯ ಖಾತೆಗೆ ತಿಂಗಳಿಗೆ 1,400 ರೂಪಾಯಿಯ ಮೊಬೈಲ್ ಕಂತು ಜೋಡಣೆಯಾಗಿದೆ. ಮೂರು ತಿಂಗಳು ಕಂತು ಹಿಂದಿರುಗಿದೆ. ಪ್ರತಿ ಬಾರಿಯ ಶುಲ್ಕ 500 ರೂಪಾಯಿ ಎಂದಿಟ್ಟುಕೊಂಡರೆ ತೆರಿಗೆ ಸೇರಿ 590. ಮೂರು ಬಾರಿಗೆ 1,770. ವಿದ್ಯಾನಿಧಿಯ ಹಣ ಜಮೆಯಾದ ಕೂಡಲೇ ಬಾಕಿ ಶುಲ್ಕ 1,770, ಆ ತಿಂಗಳ ಕಂತು 1,400, ಒಟ್ಟು 3,170 ರೂಪಾಯಿ ಕಡಿತವಾದರೆ ಉಳಿಯುವುದು 2,330. ಹಿಂದಿನ ಮೂರು ಕಂತುಗಳ 4,200 ರೂಪಾಯಿ ಇನ್ನೂ ಬಾಕಿಯೇ ಇದೆ. ಶುಲ್ಕದ ದರ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆಯಾಗಬಹುದು, ಲೆಕ್ಕದ ಕ್ರಮ ಬದಲಾಗುವುದಿಲ್ಲ. ಪುಸ್ತಕಕ್ಕೆಂದು ಬಂದ ಹಣದ ಅರ್ಧಕ್ಕೂ ಹೆಚ್ಚು ಭಾಗ ಪುಸ್ತಕದಂಗಡಿಯನ್ನು ತಲುಪಲಿಲ್ಲ.

ನಾಲ್ಕನೆಯದು, ತಾಯಿಯ ಜನ್ ಧನ್ ಖಾತೆ. 2014ರ ಆಗಸ್ಟ್ 28ರಂದು ಆರಂಭವಾದ ಈ ಯೋಜನೆಯಲ್ಲಿ ಓವರ್‌ಡ್ರಾಫ್ಟ್ ಮಿತಿಯನ್ನು 2018ರಲ್ಲಿ 5,000 ರೂಪಾಯಿಯಿಂದ 10,000ಕ್ಕೆ ಏರಿಸಲಾಯಿತು. ಆರು ತಿಂಗಳು ಖಾತೆಯನ್ನು ಸರಿಯಾಗಿ ನಡೆಸಿದ ಕುಟುಂಬದ ಒಬ್ಬರಿಗೆ, ಮಹಿಳೆಗೆ ಆದ್ಯತೆಯ ಮೇಲೆ, ಇದು ದೊರೆಯುತ್ತದೆ. 2,000 ರೂಪಾಯಿವರೆಗೆ ಯಾವ ಷರತ್ತೂ ಇಲ್ಲ. ಕೈಸಾಲದ ಬಡ್ಡಿಗೆ ಹೋಲಿಸಿದರೆ ಇದು ಎಷ್ಟೋ ಮೇಲು. ಶುಲ್ಕದ ಗಡುವಿಗೆ ಇದನ್ನು ಬಳಸುವುದು ತಪ್ಪಲ್ಲ. ಆದರೆ ಅದೇ ಖಾತೆಗೆ ಉದ್ಯೋಗ ಖಾತರಿ ಕೂಲಿ, ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದಾದರೆ ಮುಂದಿನ ತಿಂಗಳುಗಳ ಜಮೆ ಮೊದಲು ಸಾಲಕ್ಕೆ ಹೊಂದಿಕೆಯಾಗುತ್ತದೆ ಎಂಬುದನ್ನು ತಾಯಿಗೆ ಮೊದಲೇ ತಿಳಿಸಿರಬೇಕು. ದಿನಸಿಗೆ ನೆಚ್ಚಿದ ಹಣ ಬರಲಿಲ್ಲವೆಂದು ಆಕೆ ಮತ್ತೊಂದು ಸಾಲಕ್ಕೆ ಕೈಯೊಡ್ಡುವ ಸ್ಥಿತಿ ಬರಬಾರದು.

ಮೊಬೈಲಿನ ಸಾಲ

ಈ ನಾಲ್ಕಕ್ಕಿಂತ ಅಪಾಯಕಾರಿಯಾದದ್ದು ಅನಧಿಕೃತ ಸಾಲದ ಆ್ಯಪ್. ಇದರ ಲೆಕ್ಕವನ್ನೂ ನೋಡಬೇಕು. 5,000 ರೂಪಾಯಿ ಸಾಲವೆಂದು ಹೇಳಿ, ಸಂಸ್ಕರಣಾ ಶುಲ್ಕವೆಂದು 1,500 ಮುರಿದುಕೊಂಡು, 3,500 ರೂಪಾಯಿ ಕೈಗೆ ಕೊಟ್ಟು, ಏಳು ದಿನದಲ್ಲಿ 5,000 ಕೇಳಿದರೆ, ವಾರಕ್ಕೆ ಸುಮಾರು ಶೇ 43ರಷ್ಟು ಬಡ್ಡಿಯಾಯಿತು. ಹಳ್ಳಿಯ ಮೀಟರ್ ಬಡ್ಡಿಯೂ ಇದರ ಮುಂದೆ ಸಣ್ಣದಾಗಿ ಕಾಣುತ್ತದೆ. ಒಂದನ್ನು ತೀರಿಸಲು ಮತ್ತೊಂದು, ಅದನ್ನು ತೀರಿಸಲು ಮಗದೊಂದು ಎಂದು ಆ್ಯಪ್‌ಗಳ ಸಂಖ್ಯೆ ಬೆಳೆಯುತ್ತದೆ. ಬಳಿಕ ದೂರವಾಣಿಯಲ್ಲಿರುವ ನಂಟರಿಗೆ, ಗೆಳೆಯರಿಗೆ ಕರೆ ಹೋಗುತ್ತದೆ. ತಿರುಚಿದ ಚಿತ್ರಗಳ ಬೆದರಿಕೆ ಬರುತ್ತದೆ. ವಿದ್ಯಾರ್ಥಿ ಹೆದರುವುದು ಹಣಕ್ಕಿಂತ ಹೆಚ್ಚಾಗಿ ಮಾನಕ್ಕೆ. ಮನೆಯಲ್ಲಿ ಹೇಳಿಕೊಳ್ಳಲಾಗದೆ ಜೀವವನ್ನೇ ಕಳೆದುಕೊಂಡ ಪ್ರಕರಣಗಳು ದೇಶದ ಹಲವೆಡೆ ನಡೆದಿವೆ.

ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ನಿಯಮಗಳು 2022ರ ಸೆಪ್ಟೆಂಬರ್‌ನಲ್ಲಿ ಬಂದವು. 2025ರ ಮೇ ತಿಂಗಳಲ್ಲಿ ಅವನ್ನು ಒಟ್ಟುಗೂಡಿಸಿ ಪರಿಷ್ಕರಿಸಲಾಯಿತು. ಸಾಲದ ಹಣ ನೇರವಾಗಿ ಸಾಲ ಪಡೆದವರ ಖಾತೆಗೇ ಬರಬೇಕು. ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರವನ್ನು ಮೊದಲೇ ಬರಹದಲ್ಲಿ ಕೊಡಬೇಕು. ದೂರವಾಣಿಯಲ್ಲಿರುವ ಹೆಸರುಗಳ ಪಟ್ಟಿ, ಚಿತ್ರಗಳು, ಕರೆಗಳ ದಾಖಲೆಯನ್ನು ಆ್ಯಪ್ ತೆರೆಯುವಂತಿಲ್ಲ. ನಿಯಂತ್ರಿತ ಸಂಸ್ಥೆಗಳು ಬಳಸುವ ಆ್ಯಪ್‌ಗಳ ಪಟ್ಟಿ 2025ರ ಜುಲೈ 1ರಿಂದ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ಲಭ್ಯವಿದೆ. ಸಾಲ ಕೊಡುವ ಮೊದಲು ಹೆಸರುಗಳ ಪಟ್ಟಿಗೆ ಅನುಮತಿ ಕೇಳುವ ಆ್ಯಪ್ ಎಂದರೆ ವಸೂಲಿಯ ದಾರಿಯನ್ನು ಮೊದಲೇ ಗೊತ್ತುಮಾಡಿಕೊಂಡಿರುವ ಆ್ಯಪ್ ಎಂದು ವಿದ್ಯಾರ್ಥಿಗಳಿಗೆ ಹೇಳಿದರೆ ಸಾಕು, ಅವರಿಗೆ ಅರ್ಥವಾಗುತ್ತದೆ.

ಮನೆಯ ಸಾಲದ ನೆರಳು

2025ರ ಆರಂಭದ ತಿಂಗಳುಗಳು ಮೈಸೂರು, ಚಾಮರಾಜನಗರ ಜಿಲ್ಲೆಗಳಿಗೆ ಕಹಿ ನೆನಪು. ಕಿರುಸಾಲದ ವಸೂಲಿಗಾರರ ಕಿರುಕುಳ ತಾಳಲಾರದೆ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ಸುದ್ದಿ ದಿನವೂ ಬಂದಿತು. ನಂಜನಗೂಡು ತಾಲ್ಲೂಕಿನ ಹಳ್ಳಿಗಳ ಹೆಸರೂ ಅದರಲ್ಲಿ ಇತ್ತು. ಆ ವರ್ಷದ ಫೆಬ್ರವರಿ 12ರಂದು ರಾಜ್ಯ ಸರ್ಕಾರ ಕಿರುಸಾಲ ಮತ್ತು ಸಣ್ಣ ಸಾಲಗಳ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ಹೊರಡಿಸಿತು. ಮುಂದೆ ಅದು ಕಾಯಿದೆಯಾಯಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಗಳಿಗೆ ಅದರದೇ ನಿಯಮಗಳಿವೆ: ಕಿರುಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ, ವಾರ್ಷಿಕ ಮೂರು ಲಕ್ಷ ರೂಪಾಯಿವರೆಗಿನ ಆದಾಯದ ಕುಟುಂಬಗಳಿಗೆ ಕೊಡುವ ಕಿರುಸಾಲದಲ್ಲಿ, ಕುಟುಂಬದ ಎಲ್ಲ ಸಾಲಗಳ ತಿಂಗಳ ಮರುಪಾವತಿ ಸೇರಿ ಆದಾಯದ ಅರ್ಧವನ್ನು ಮೀರಬಾರದು.

ಇದಕ್ಕೂ ವಿದ್ಯಾರ್ಥಿಯ ಖಾತೆಗೂ ಸಂಬಂಧವಿದೆ. ಊರು ಬಿಟ್ಟ ಮನೆಯ ಮಕ್ಕಳು ಕಾಲೇಜನ್ನೂ ಬಿಡಬೇಕಾಗುತ್ತದೆ. ತಾಯಿತಂದೆಯರಿಗೆ ಹೊಸ ಸಾಲ ಸಿಗದಂತಾದಾಗ ಹದಿನೆಂಟು ತುಂಬಿದ ಮಗ ಅಥವಾ ಮಗಳ ಹೆಸರಿನಲ್ಲಿ ಸಾಲ ಎತ್ತುವ, ಅವರನ್ನು ಜಾಮೀನುದಾರರನ್ನಾಗಿ ಮಾಡುವ ಒತ್ತಡ ಬರುತ್ತದೆ. ಆ ಸಾಲ ಬಾಕಿಯಾದರೆ ದಾಖಲಾಗುವುದು ವಿದ್ಯಾರ್ಥಿಯ ಸಾಲ ಚರಿತ್ರೆಯಲ್ಲಿ. ನಾಳೆ ಆತ ಶೈಕ್ಷಣಿಕ ಸಾಲಕ್ಕೋ ಸ್ವಂತ ಉದ್ಯೋಗದ ಸಾಲಕ್ಕೋ ಹೋದಾಗ ಬ್ಯಾಂಕು ಮೊದಲು ನೋಡುವುದು ಅದನ್ನೇ.

ಮಾಡಬಹುದಾದ ಸಾಲ

ಸಾಲವೆಲ್ಲ ಶೂಲವಲ್ಲ. ಓದಿಗಾಗಿ, ಓದು ಮುಗಿದ ಮೇಲೆ ತೀರಿಸುವಂತೆ ರೂಪಿಸಿದ ಸಾಲಗಳಿವೆ. ಬ್ಯಾಂಕುಗಳ ಶೈಕ್ಷಣಿಕ ಸಾಲದಲ್ಲಿ 4 ಲಕ್ಷ ರೂಪಾಯಿವರೆಗೆ ಆಸ್ತಿಯ ಭದ್ರತೆ ಕೇಳುವಂತಿಲ್ಲ. ಮರುಪಾವತಿ ಸಾಮಾನ್ಯವಾಗಿ ಕೋರ್ಸ್ ಮುಗಿದ ಒಂದು ವರ್ಷದ ನಂತರ ಆರಂಭವಾಗುತ್ತದೆ. 2015ರಿಂದ ವಿದ್ಯಾ ಲಕ್ಷ್ಮಿ ಜಾಲತಾಣದ ಮೂಲಕ ಅರ್ಜಿ ಹಾಕಬಹುದು. 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಅನುಮೋದಿಸಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಸಂಸ್ಥೆಗಳಿಗೆ ಪ್ರವೇಶ ಪಡೆದವರಿಗೆ ಭದ್ರತೆಯಾಗಲಿ ಜಾಮೀನಾಗಲಿ ಇಲ್ಲದೆ ಸಾಲ ದೊರೆಯುತ್ತದೆ. ಹಿಂದುಳಿದ ವರ್ಗಗಳ ಹಾಗೂ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳು ವೃತ್ತಿಪರ ಕೋರ್ಸುಗಳಿಗೆ ಅರಿವು ಯೋಜನೆಯಡಿ ಶೇ 2ರ ಬಡ್ಡಿಯಲ್ಲಿ ಸಾಲ ಕೊಡುತ್ತವೆ.

ಇಲ್ಲಿಯೂ ಲೆಕ್ಕ ತಿಳಿದಿರಬೇಕು. ನಾಲ್ಕು ವರ್ಷದ ಕೋರ್ಸಿಗೆ ಪ್ರತಿ ವರ್ಷದ ಆರಂಭದಲ್ಲಿ ಒಂದು ಲಕ್ಷದಂತೆ ಶೇ 10ರ ಸರಳ ಬಡ್ಡಿಯಲ್ಲಿ ಸಾಲ ಪಡೆದರೆ, ಓದು ಮುಗಿದು ಒಂದು ವರ್ಷ ಕಳೆಯುವ ವೇಳೆಗೆ ಮೊದಲ ಲಕ್ಷಕ್ಕೆ 50,000, ಎರಡನೆಯದಕ್ಕೆ 40,000, ಮೂರನೆಯದಕ್ಕೆ 30,000, ನಾಲ್ಕನೆಯದಕ್ಕೆ 20,000, ಒಟ್ಟು 1,40,000 ರೂಪಾಯಿ ಬಡ್ಡಿ ಸೇರಿರುತ್ತದೆ. ಪಡೆದದ್ದು ನಾಲ್ಕು ಲಕ್ಷ. ತೀರಿಸಲು ಆರಂಭಿಸುವಾಗ ಇರುವುದು 5,40,000. ಓದುವಾಗಲೇ ಬಡ್ಡಿಯನ್ನಷ್ಟು ಕಟ್ಟುತ್ತ ಬಂದರೆ ಈ ಹೊರೆ ಬೆಳೆಯುವುದಿಲ್ಲ. ಹಾಗೆ ಕಟ್ಟಿದವರಿಗೆ ದರದಲ್ಲಿ ಶೇ 1ರ ರಿಯಾಯಿತಿ ಕೊಡುವ ಬ್ಯಾಂಕುಗಳೂ ಇವೆ. ಈ ಲೆಕ್ಕವನ್ನು ಕಂಡು ಹೆದರಿ ಓದು ಬಿಡಬೇಕಾಗಿಲ್ಲ. ಲೆಕ್ಕ ಗೊತ್ತಿದ್ದು ಮಾಡಿದ ಸಾಲಕ್ಕೂ ಗೊತ್ತಿಲ್ಲದೆ ಬಿದ್ದ ಸಾಲಕ್ಕೂ ಇರುವ ಅಂತರವೇ ಇಲ್ಲಿ ಮುಖ್ಯ.

ಗ್ರಾಮ ಪಂಚಾಯಿತಿ ಮಾಡಬಹುದಾದದ್ದು

ಬ್ಯಾಂಕಿಗೆ ಆದೇಶ ಕೊಡುವ ಅಧಿಕಾರ ಪಂಚಾಯಿತಿಗೆ ಇಲ್ಲ. ಯಾರ ಸಾಲಕ್ಕೂ ಅದು ಜಾಮೀನು ನಿಲ್ಲಲಾರದು. ಹಾಗಿದ್ದರೂ ಹೆಚ್ಚಿನ ವೆಚ್ಚವಿಲ್ಲದೆ ನಡೆಯುವ ಕೆಲಸಗಳು ಹಲವಿವೆ.

1. ಪ್ರತಿ ವರ್ಷ ಪ್ರವೇಶದ ಕಾಲದಲ್ಲಿ ಒಮ್ಮೆ, ವಿದ್ಯಾರ್ಥಿವೇತನದ ಅರ್ಜಿಯ ಕಾಲದಲ್ಲಿ ಒಮ್ಮೆ, ಗ್ರಂಥಾಲಯದ ಅರಿವು ಕೇಂದ್ರದಲ್ಲಿ ಪಾಸ್‌ಪುಸ್ತಕ ಪರಿಶೀಲನೆಯ ದಿನ ನಡೆಸುವುದು. ಪ್ರತಿ ವಿದ್ಯಾರ್ಥಿಗೆ ಮೂರು ಪ್ರಶ್ನೆ ಸಾಕು: ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ? ಆ ಖಾತೆಗೆ ಯಾವ ಶುಲ್ಕ, ಯಾವ ಕಂತು ಬೀಳುತ್ತಿದೆ? ಶಿಲ್ಕಿನ ಪಕ್ಕ ಯಾವ ಅಕ್ಷರವಿದೆ?

2. ವಿದ್ಯಾರ್ಥಿವೇತನದ ಖಾತೆಯನ್ನು ಮೂಲ ಉಳಿತಾಯ ಖಾತೆಯಾಗಿ ಬದಲಾಯಿಸಲು ಬೇಕಾದ ಮಾದರಿ ಅರ್ಜಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿ ಪಂಚಾಯಿತಿ ಕಚೇರಿಯಲ್ಲಿ ಇಡುವುದು. ಹದಿನೆಂಟು ತುಂಬಲಿರುವವರಿಗೆ ಹೊಸ ಸಹಿ ಮತ್ತು ಕೆವೈಸಿಯ ವಿಷಯ ತಿಳಿಸುವುದು.

3. ಕಂತುಗಳನ್ನು ವಿದ್ಯಾರ್ಥಿವೇತನದ ಖಾತೆಗೆ ಜೋಡಿಸದಂತೆ ತಿಳಿವಳಿಕೆ ಕೊಡುವುದು. ಸ್ವಯಂಚಾಲಿತ ಕಡಿತದ ಒಪ್ಪಿಗೆಯನ್ನು ಹಿಂಪಡೆಯಬಹುದು. ಆದರೆ ಅದರಿಂದ ಸಾಲ ತೀರಿದಂತೆ ಆಗುವುದಿಲ್ಲ ಎಂಬುದನ್ನೂ ಜೊತೆಯಲ್ಲಿಯೇ ಹೇಳಬೇಕು.

4. ಶುಲ್ಕದ ಗಡುವಿಗೆ ಹಣ ಹೊಂದದ ಕುಟುಂಬಗಳಿಗೆ ಸಂಜೀವಿನಿ ಒಕ್ಕೂಟದ ಸಂಘಗಳ ಆಂತರಿಕ ಸಾಲ ದೊರೆಯುವಂತೆ, ಶಿಕ್ಷಣದ ಕೋರಿಕೆಗಳಿಗೆ ಜೂನ್, ಜುಲೈನಲ್ಲಿ ಆದ್ಯತೆ ಕೊಡುವಂತೆ ಒಕ್ಕೂಟದ ಪದಾಧಿಕಾರಿಗಳೊಂದಿಗೆ ಮಾತನಾಡುವುದು.

5. ನಿಯಮ ಮೀರಿದ ಕಡಿತಗಳು ಕಂಡುಬಂದರೆ ಲಿಖಿತವಾಗಿ ಶಾಖೆಯ ಗಮನಕ್ಕೆ ತರಲು ನೆರವಾಗುವುದು. ಒಂದೇ ಬಗೆಯ ದೂರುಗಳು ಹಲವು ಬಂದರೆ ತಾಲ್ಲೂಕು ಪಂಚಾಯಿತಿಯ ಮೂಲಕ ತಾಲ್ಲೂಕು ಮಟ್ಟದ ಬ್ಯಾಂಕರುಗಳ ಸಭೆಯಲ್ಲಿ ಎತ್ತುವುದು. ಹುಲ್ಲಹಳ್ಳಿಯಲ್ಲಾಗಲಿ ಬನ್ನೂರಿನಲ್ಲಾಗಲಿ ಒಬ್ಬ ವಿದ್ಯಾರ್ಥಿ ಒಂಟಿಯಾಗಿ ಕೇಳಿದಾಗ ಸಿಗುವ ಉತ್ತರಕ್ಕೂ ಹತ್ತು ಪಾಸ್‌ಪುಸ್ತಕಗಳ ನಕಲು ಸಹಿತ ಪತ್ರ ಹೋದಾಗ ಸಿಗುವ ಉತ್ತರಕ್ಕೂ ವ್ಯತ್ಯಾಸವಿರುತ್ತದೆ.

ದೂರಿನ ದಾರಿ ಹೀಗಿದೆ. ಮೊದಲು ಶಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು ಸಲ್ಲಿಸಬಹುದು; ಅದಕ್ಕೆ ಶುಲ್ಕವಿಲ್ಲ. ಮಾಹಿತಿಗೆ 14448. ಸೈಬರ್ ವಂಚನೆಗೆ 1930, ತುರ್ತು ಪೊಲೀಸ್ ನೆರವಿಗೆ 112. ಮನಸ್ಸು ಕುಗ್ಗಿದವರಿಗೆ ಟೆಲಿ ಮಾನಸ್ ಸಹಾಯವಾಣಿ 14416. ಈ ನಾಲ್ಕು ಸಂಖ್ಯೆಗಳನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೂ ಅರಿವು ಕೇಂದ್ರದಲ್ಲಿಯೂ ದೊಡ್ಡ ಅಕ್ಷರದಲ್ಲಿ ಬರೆಸುವುದು ಒಳ್ಳೆಯದು.

ಎರಡು ಎಚ್ಚರಿಕೆಗಳು

ಮೊದಲನೆಯದು, ಗೋಪ್ಯತೆ. ಸಾಲದ ಬಾಧೆಯಲ್ಲಿರುವ ಕುಟುಂಬದ ಅಥವಾ ವಿದ್ಯಾರ್ಥಿಯ ಹೆಸರನ್ನು ಗ್ರಾಮಸಭೆಯಲ್ಲಿ ಎತ್ತಬಾರದು. ಪಟ್ಟಿ ಮಾಡಿ ಫಲಕಕ್ಕೆ ಅಂಟಿಸಬಾರದು. ಮಾನ ಹೋಗುತ್ತದೆಂಬ ಭಯದಿಂದಲೇ ವಿದ್ಯಾರ್ಥಿಗಳು ವಿಷಯವನ್ನು ಮುಚ್ಚಿಡುವುದು. ಸಹಾಯಕ್ಕೆ ಹೋದವರಿಂದಲೇ ಆ ಭಯ ನಿಜವಾಗಬಾರದು. ಪಾಸ್‌ಪುಸ್ತಕವನ್ನು ವಿದ್ಯಾರ್ಥಿಯ ಎದುರಿನಲ್ಲಿಯೇ ನೋಡಿ ಹಿಂದಿರುಗಿಸಬೇಕು. ಗುಪ್ತ ಸಂಖ್ಯೆಯನ್ನು ಯಾರೂ ಕೇಳಬಾರದು.

ಎರಡನೆಯದು, ಹೇಳಲು ಸ್ವಲ್ಪ ಕಷ್ಟವಾದ ಮಾತು. ಹಳ್ಳಿಗಳಲ್ಲಿ ಬಡ್ಡಿಗೆ ಹಣ ಕೊಡುವವರು ಹೊರಗಿನವರೇ ಆಗಿರಬೇಕೆಂದಿಲ್ಲ. ಜನಪ್ರತಿನಿಧಿಗಳ ಬಂಧುಗಳು, ಕೆಲವೊಮ್ಮೆ ಜನಪ್ರತಿನಿಧಿಗಳೇ ಆ ವ್ಯವಹಾರದಲ್ಲಿ ಇದ್ದರೆ ಯಾವ ವಿದ್ಯಾರ್ಥಿಯೂ ಪಂಚಾಯಿತಿಗೆ ಬಂದು ಬಾಯಿ ಬಿಡುವುದಿಲ್ಲ. ವಿದ್ಯಾರ್ಥಿಗಳ ಶುಲ್ಕದ ವಿಷಯದಲ್ಲಿ ಸದಸ್ಯರು ಬಡ್ಡಿ ವ್ಯವಹಾರದಿಂದ ದೂರವಿರುವುದು ಈ ಕೆಲಸಕ್ಕೆ ಬೇಕಾದ ಮೊದಲ ಅರ್ಹತೆ.

ತಿರುಮಕೂಡಲಿನಲ್ಲಿ ಕಬಿನಿಯೂ ಕಾವೇರಿಯೂ ಕೂಡುವಲ್ಲಿ ಯಾವ ನೀರು ಯಾವುದೆಂದು ಬೇರ್ಪಡಿಸಲಾಗದು. ವಿದ್ಯಾರ್ಥಿಯ ಖಾತೆಯಲ್ಲಿ ಹಾಗಾಗಬಾರದು. ಓದಿಗೆ ಬಂದ ಹಣ ಯಾವುದು, ಸಾಲದ ಹಣ ಯಾವುದು ಎಂಬುದು ಆ ಖಾತೆಯ ಒಡೆಯರಿಗೆ ಸ್ಪಷ್ಟವಾಗಿ ಗೊತ್ತಿರಬೇಕು. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಪಾಸ್‌ಪುಸ್ತಕ ಪರಿಶೀಲನೆಯ ದಿನಾಂಕವನ್ನು ಒಂದು ವಿಷಯವಾಗಿ ಸೇರಿಸಿ ತೀರ್ಮಾನಿಸಿದರೆ, ಈ ವರ್ಷದ ವಿದ್ಯಾರ್ಥಿವೇತನ ಜಮೆಯಾಗುವ ಮೊದಲೇ ಕೆಲಸ ಆರಂಭವಾದಂತೆ ಆಗುತ್ತದೆ.